ಪೌ ಹನ: ಹವಾಯಿಯಲ್ಲಿ ಕೆಲಸ ಬಿಟ್ಮೇಲೆ ಹೇಗೆ ಕೂರ್ಬೇಕು, ಏನ್ ತಿನ್ಬೇಕು, ಏನ್ ಮಾತಾಡ್ಬೇಕು

ಹೊನೊಲುಲುಗೆ ಕೆಲಸಕ್ಕೆ ಬಂದು ಮೊದಲ ಶುಕ್ರವಾರ ಸಂಜೆ ಮೂರೂವರೆಗೆ ಪಕ್ಕದ ಟೇಬಲ್ಲಿನವರು ಬಂದು "ಯು ಪೌ?" ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಸುಮ್ನೆ ಹಲ್ಲು ಕಿರಿದೆ. ಅವ್ರು ಕೇಳಿದ್ದು ಇಷ್ಟೇ, ನಿನ್ ಕೆಲಸ ಮುಗೀತಾ ಅಂತ. ಮುಗೀತು ಅಂದಿದ್ರೆ ಅವತ್ತೇ ಒಂದೊಳ್ಳೆ ಊಟ ಸಿಕ್ತಿತ್ತು, ಮೂರು ವಾರ ಲೇಟಾಯ್ತು. ಹಂಗಾಗಿ ಈ ಕಡೆ ಕೆಲಸಕ್ಕೋ ಓದೋಕೋ ಬರೋ ನಮ್ಮವರಿಗೆ, ಇಲ್ಲಾ ಎರಡು ವಾರ ಸುತ್ತಾಡೋಕ್ ಬಂದು ಬರೀ ವೈಕೀಕಿ ಬೀಚಲ್ಲಿ ಫೋಟೋ ತಗೊಂಡ್ ಹೋಗ್ದೆ ಇಲ್ಲಿನ ಜನ ಸಂಜೆ ಹೇಗಿರ್ತಾರೆ ಅಂತ ನೋಡ್ಬೇಕು ಅನ್ನೋರಿಗೆ ಇದನ್ನ ಬರೀತಿದೀನಿ.

ಸ್ಟೆಪ್ 1: ಮೊದಲು ಪದ ಸರಿಯಾಗಿ ಹೇಳೋದು ಕಲೀರಿ, ಕನ್ನಡದವರಿಗೆ ಇದು ಸುಲಭ

ಪೌ ಅಂದ್ರೆ ಮುಗೀತು, ಹನ ಅಂದ್ರೆ ಕೆಲಸ. ಪೌ ಹನ, ಕೆಲಸ ಮುಗೀತು, ಅಷ್ಟೇ. ಇಂಗ್ಲಿಷಲ್ಲಿ ಬರೆದಿದ್ದನ್ನ ನೋಡಿ ನಮ್ಮವರು ಹೆಚ್ಚಿನವರು "ಪಾವ್ ಹಾನಾ" ಅಂತಾರೆ, ಅದು ತಪ್ಪು. ಹನ ಅನ್ನೋದು ಹ್ರಸ್ವ, ನಮ್ ಹಣ ಇದೆಯಲ್ಲ ಅದರ ಹಂಗೇ, ಣ ಬದಲು ನ. ದೀರ್ಘ ಎಳೆದು ಹಾನ ಅಂದ್ರೆ ಅದು ಮಾವಿ ದ್ವೀಪದ ಪೂರ್ವ ತುದೀಲಿರೋ ಊರಿನ ಹೆಸರು, ಆ ತಿರುವು ತಿರುವಿನ ಘಾಟಿ ರಸ್ತೆಗೆ ಫೇಮಸ್ಸು. ಹಂಗೇ ಪೌ ಅಂದ್ರೆ ಮುಗೀತು, ಆದ್ರೆ ಪಾ ಅಂತ ಎಳೆದು ಗಂಟಲಲ್ಲಿ ಒಂದ್ಸಲ ತಡೆದು ಊ ಅಂತ ಎಳೆದ್ರೆ ಅದು ಹೆಂಗಸರು ಕುದುರೆ ಸವಾರಿಗೆ ಉಡೋ ಲಂಗದ ಹೆಸರು.

ನಮ್ ಲಿಪಿ ಇಲ್ಲಿ ಸಖತ್ ಉಪಯೋಗಕ್ ಬರುತ್ತೆ. ಹವಾಯಿ ಭಾಷೆಗೆ ಬರೀ 13 ಅಕ್ಷರ, ಐದು ಸ್ವರ ಎಂಟು ವ್ಯಂಜನ, ಸ್ವರಗಳಿಗೆ ಹ್ರಸ್ವ ದೀರ್ಘ ಎರಡೂ ಇದೆ. ಇಂಗ್ಲಿಷ್ ಮಾತಾಡೋರು ಎ ಏ, ಒ ಓ ವ್ಯತ್ಯಾಸ ಕೇಳಿಸ್ಕೊಳೋಕೇ ಒದ್ದಾಡ್ತಾರೆ, ನಮಗೆ ಒಂದನೇ ಕ್ಲಾಸಿನ ಕಾಗುಣಿತದಲ್ಲೇ ಬಂದಿರುತ್ತೆ. ಇವರ ಪದ ಎಲ್ಲಾ ಸ್ವರದಲ್ಲೇ ಮುಗಿಯುತ್ತೆ, ನಾವೂ ಬಸ್ಸು ಕಾರು ಆಫೀಸು ಅಂತ ಬಾಲಕ್ಕೆ ಒಂದು ಉ ಅಂಟಿಸ್ದೆ ಬಿಡೋರಲ್ವಲ್ಲ. ಆ ಡಬ್ಲ್ಯೂ ಅಕ್ಷರ ವೀ ಥರ ಹೇಳ್ಬೇಕೋ ಡಬ್ಲ್ಯೂ ಥರಾನೇ ಹೇಳ್ಬೇಕೋ ಅಂತ ಪ್ರವಾಸಿಗಳು ತಲೆ ಕೆಡಿಸ್ಕೊಳೋದು ಬೇರೆ. ನೀವು ಸುಮ್ನೆ ನಮ್ ವ ಹೇಳಿ, ಅದು ಎರಡರ ಮಧ್ಯದಲ್ಲೇ ಇದೆ.

ಕಷ್ಟ ಇರೋದು ಒಂದೇ, ಒಕಿನ. ಬರೆಯೋವಾಗ ತಿರುಗಿಸಿದ ಅಪಾಸ್ಟ್ರಫಿ ಥರ ಕಾಣುತ್ತೆ, ಹೇಳೋವಾಗ ಗಂಟಲಲ್ಲಿ ಅರೆಕ್ಷಣ ಗಾಳಿ ತಡೀಬೇಕು. ಬಾಯಲ್ಲಿ ಅನ್ನ ಇಟ್ಕೊಂಡು ಇನ್ನೊಂದ್ ಸೌಟು ಬೇಡ ಅನ್ನೋಕೆ "ಉಂ-ಉಂ" ಅಂತೀವಲ್ಲ, ಆ ಎರಡು ಉಂ ನಡುವೆ ಬರೋ ಕಟ್ಟೇ ಅದು. ಅದೂ ಒಂದು ವ್ಯಂಜನ ಇವರಿಗೆ. ಒಕಿನ ಇರೋ ಒನೊ ಅಂದ್ರೆ ರುಚಿ, ಒಕಿನ ಇಲ್ದಿರೋ ಒನೊ ಒಂದು ಮೀನು. ಸುಮ್ನೆ ಹೇಳಿದ್ರೆ ಯಾರೂ ಕೇಸ್ ಹಾಕಲ್ಲ, ಆದ್ರೆ ಈ ಭಾಷೆಗೆ ಆಗಿರೋದು ನೋಡಿದ್ರೆ ಸ್ವಲ್ಪ ಕಷ್ಟಪಟ್ಟು ಸರಿ ಹೇಳೋಣ ಅನ್ಸುತ್ತೆ. 1896ರಲ್ಲಿ ಸ್ಕೂಲಲ್ಲಿ ಇಂಗ್ಲಿಷಲ್ಲೇ ಪಾಠ ಅಂತ ಕಾನೂನು ಬಂದು ಎರಡು ಮೂರು ತಲೆಮಾರು ಮನೇಲೂ ಭಾಷೆ ಬಿಟ್ಟೋಯ್ತು, 1978ರಲ್ಲಿ ಮತ್ತೆ ಅಧಿಕೃತ ಭಾಷೆ ಆಯ್ತು, 1984ರಲ್ಲಿ ಮಕ್ಕಳಿಗೆ ಪೂನನ ಲೆಒ ಅನ್ನೋ ಹವಾಯಿ ಮಾಧ್ಯಮದ ಶಿಶುವಿಹಾರ ಶುರುವಾಗಿ ಈಗ ಮತ್ತೆ ಚಿಗುರ್ತಿದೆ. ಅಜ್ಜಿಗೆ ಬರ್ತಿತ್ತು, ಅಮ್ಮಂಗೆ ಬರಲ್ಲ, ಮಗಳು ಸ್ಕೂಲಲ್ಲಿ ಕಲೀತಿದಾಳೆ ಅನ್ನೋ ಮನೆಗಳು ಇಲ್ಲಿ ಸುಮಾರಿವೆ.

ಸ್ಟೆಪ್ 2: ಇದು ಹ್ಯಾಪಿ ಅವರ್ ಅಲ್ಲ ಅಂತ ತಲೇಲಿ ಹಾಕ್ಕೊಳಿ

ಬಾರ್‌ಗಳ ಬೋರ್ಡಲ್ಲಿ "ಪೌ ಹನ ಸ್ಪೆಷಲ್" ಅಂತ ಬರೆದಿರ್ತಾರೆ, ಮೂರರಿಂದ ಆರರವರೆಗೆ ಬಿಯರ್ ರೇಟು ಕಮ್ಮಿ. ಅದನ್ನ ನೋಡಿ ಓಹೋ ಹ್ಯಾಪಿ ಅವರ್‌ಗೆ ಇಲ್ಲಿ ಹಿಂಗಂತಾರೆ ಅನ್ಕೊಂಡ್ರೆ ಅರ್ಧ ಮಾತ್ರ ಸರಿ. ಹ್ಯಾಪಿ ಅವರ್ ಅನ್ನೋದು ಬಿಲ್ಲಿಗೆ ಸಂಬಂಧ, ಪೌ ಹನ ಅನ್ನೋದು ಹೊತ್ತಿಗೆ ಸಂಬಂಧ. ಮನೆ ಗ್ಯಾರೇಜಲ್ಲಿ ಕುರ್ಚಿ ಹಾಕ್ಕೊಂಡು ಜ್ಯೂಸ್ ಕುಡೀತಾ ಕೂತ್ರೂ ಪೌ ಹನಾನೇ, ನಾಲ್ಕು ಗಂಟೆಗೆ ಸರ್ಫ್ ಬೋರ್ಡ್ ತಲೆ ಮೇಲೆ ಹೊತ್ಕೊಂಡ್ ಹೋದ್ರೂ ಪೌ ಹನಾನೇ. ರಿಟೈರ್ ಆದೋರನ್ನೂ "ಹೀ ಪೌ ಹನ ಆಲ್ರೆಡಿ" ಅಂತಾರೆ.

ಈ ಪದಕ್ಕೆ ಇಷ್ಟು ತೂಕ ಬಂದಿದ್ದು ಕಬ್ಬಿನ ತೋಟದಿಂದ. ನಮ್ಮೂರು ಮಂಡ್ಯ ಕಡೆ, ಕಬ್ಬಿನ ಗರಿ ಅಂಗೈ ಹೇಗೆ ಕೊಯ್ಯುತ್ತೆ ಅಂತ ನಂಗೆ ಯಾರೂ ಹೇಳ್ಬೇಕಾಗಿಲ್ಲ, ಅದಕ್ಕೇ ಏನೋ ಇಲ್ಲಿನ ಹಳೇ ಪ್ಲಾಂಟೇಶನ್ ಕಥೆ ಕೇಳ್ದಾಗ ಬೇರೆ ದೇಶದ ಕಥೆ ಅನ್ಸಲಿಲ್ಲ. 1835ರಲ್ಲಿ ಕವಾಯಿ ದ್ವೀಪದ ಕೋಲೋವದಲ್ಲಿ ಮೊದಲ ದೊಡ್ಡ ಕಬ್ಬಿನ ತೋಟ ಶುರುವಾಯ್ತು, ಆಮೇಲೆ ಆಳುಗಳು ಸಾಲದೆ 1852ರಿಂದ ಚೀನಾದವರು, 1878ರಿಂದ ಪೋರ್ಚುಗೀಸರು, 1885ರಿಂದ ದೊಡ್ಡ ಸಂಖ್ಯೇಲಿ ಜಪಾನಿನವರು, 1900ಕ್ಕೆ ಪೋರ್ಟೊರಿಕೊದವರು, 1903ಕ್ಕೆ ಕೊರಿಯಾದವರು, 1906ಕ್ಕೆ ಫಿಲಿಪೀನ್ಸಿನವರು, ಹಿಂಗೆ ಹಡಗು ಹಡಗಾಗಿ ತಂದ್ರು. ಗದ್ದೇಲಿ ಹತ್ತು ಗಂಟೆ, ಮಿಲ್ಲಲ್ಲಿ ಹನ್ನೆರಡು ಗಂಟೆ. ಕುದುರೆ ಮೇಲೆ ಲುನ, ಅಂದ್ರೆ ಮೇಸ್ತ್ರಿ. ಕೊರಳಲ್ಲಿ ಬಾಂಗೊ ಅಂತ ಒಂದು ಲೋಹದ ಬಿಲ್ಲೆ, ಅದರ ಮೇಲೆ ನಂಬರು, ಸಂಬಳದ ದಿನ ಹೆಸರಲ್ಲ, ಆ ನಂಬರೇ ಕೂಗೋದು. ಬೆಳಗ್ಗೆ ಸೈರನ್ ಕೂಗಿದ್ರೆ ಏಳ್ಬೇಕು, ಸಂಜೆ ಮಿಲ್ಲಿನ ಸೈರನ್ ಕೂಗಿದ್ರೆ ಪೌ ಹನ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ, ಆದ್ರೆ ಈ ಎರಡು ಪದ ಎಲ್ಲರಿಗೂ ಅರ್ಥ ಆಗ್ತಿತ್ತು. ಕೊನೇ ದೊಡ್ಡ ಕಬ್ಬಿನ ಮಿಲ್ಲು, ಮಾವಿಯ ಪುಉನೇನೇದಲ್ಲಿದ್ದಿದ್ದು, 2016ರ ಡಿಸೆಂಬರಲ್ಲಿ ಮುಚ್ತು. ಸೈರನ್ ಹೋಯ್ತು, ಪದ ಉಳ್ಕೊಳ್ತು.

ಸ್ಟೆಪ್ 3: ಟೈಮು

ಇಲ್ಲಿ ಬಹಳ ಆಫೀಸುಗಳು ಬೇಗ ಶುರು, ಏಳು ಏಳೂವರೆಗೆಲ್ಲ ಜನ ಸೀಟಲ್ಲಿರ್ತಾರೆ, ಯಾಕಂದ್ರೆ ನ್ಯೂಯಾರ್ಕು ಇವರಿಗಿಂತ ಐದಾರು ಗಂಟೆ ಮುಂದೆ. ಹಂಗಾಗಿ ಮೂರೂವರೆ ನಾಲ್ಕಕ್ಕೆ ಪೌ. ಊರಿಗೆ ಫೋನ್ ಮಾಡೋರಿಗೆ ಒಂದ್ ಲೆಕ್ಕ ಹೇಳ್ಬಿಡ್ತೀನಿ: ಹೊನೊಲುಲುವಲ್ಲಿ ಸಂಜೆ ನಾಲ್ಕೂವರೆ ಅಂದ್ರೆ ಬೆಂಗಳೂರಲ್ಲಿ ಮಾರನೇ ದಿನ ಬೆಳಗ್ಗೆ ಎಂಟು, ಅಮ್ಮ ದೋಸೆ ಹುಯ್ಯೋ ಹೊತ್ತು, ನನ್ ಪೌ ಹನದಲ್ಲಿ ಅರ್ಧ ಗಂಟೆ ಅವಳಿಗೇ ಹೋಗುತ್ತೆ. ಸೂರ್ಯ ಮುಳುಗೋದು ಡಿಸೆಂಬರಲ್ಲಿ ಹತ್ರ ಹತ್ರ ಆರಕ್ಕೆ, ಜೂನಲ್ಲಿ ಏಳೂಕಾಲರ ಆಸುಪಾಸು. ಎಚ್-ವನ್ ಹೈವೇ ಮೂರು ಗಂಟೆಯಿಂದಾನೇ ಜಾಮು, ಅದ್ರಲ್ಲೂ ಪಶ್ಚಿಮದ ಕಡೆ ಹೋಗೋದು. ಟ್ರಾಫಿಕ್ ಇಳಿಯೋವರೆಗೆ ಎಲ್ಲಾದ್ರೂ ಕೂರೋಣ ಅಂತಾನೇ ಅರ್ಧ ಪೌ ಹನ ಶುರುವಾಗೋದು, ಇದನ್ನ ಯಾವ ಟೂರಿಸ್ಟ್ ಗೈಡೂ ಬರೆಯಲ್ಲ.

ಶುಕ್ರವಾರ ಆದ್ರೆ ಕಥೆನೇ ಬೇರೆ, ಅದು ಅಲೊಹ ಫ್ರೈಡೇ. 1960ರ ದಶಕದಲ್ಲಿ ಇಲ್ಲಿನ ಬಟ್ಟೆ ತಯಾರಕರ ಸಂಘ ಸೇರ್ಕೊಂಡು ಸರ್ಕಾರದವ್ರಿಗೆ ಬಣ್ಣ ಬಣ್ಣದ ಶರ್ಟು ಹಂಚಿ, ಈ ಸೆಕೇಲಿ ಕೋಟು ಟೈ ಯಾಕ್ರೀ ಅಂತ ಹಿಂದೆ ಬಿದ್ದು, 1966ರ ಹೊತ್ತಿಗೆ ಶುಕ್ರವಾರ ಆಫೀಸಿಗೆ ಅಲೊಹ ಶರ್ಟು ಹಾಕ್ಕೊಂಡ್ ಬರ್ಬೋದು ಅಂತ ಮಾಡಿಸ್ಕೊಂಡ್ರು. ಬೆಂಗಳೂರಿನ ಐಟಿ ಕಂಪನೀಲಿ ಶುಕ್ರವಾರ ಟೀ ಶರ್ಟ್ ಹಾಕ್ಕೊಂಡ್ ಹೋಗ್ತೀರಲ್ಲ, ಆ ಕ್ಯಾಶುಯಲ್ ಫ್ರೈಡೇಯ ಒಂದು ಬೇರು ಇಲ್ಲೇ ಇದೆ. ಅಲೊಹ ಶರ್ಟನ್ನ ಪ್ಯಾಂಟಿಗೆ ಇನ್ ಮಾಡ್ಬೇಡಿ ಮಾರಾಯ್ರೆ. ಮಾಡಿದ್ರೆ ಏರ್ಪೋರ್ಟಿಂದ ನೇರ ಬಂದೋರು ಅಂತ ಗೊತ್ತಾಗೋಗುತ್ತೆ.

ಸ್ಟೆಪ್ 4: ಬರಿಗೈಲಿ ಹೋಗ್ಬೇಡಿ, ಇದೇ ಮುಖ್ಯ

ಯಾರಾದ್ರೂ "ಕಮ್ ಬೈ ದ ಹೌಸ್, ಜಸ್ಟ್ ಪೂಪೂಸ್" ಅಂದ್ರೆ ಅದನ್ನ ನಂಬ್ಬೇಡಿ. ಪೂಪೂ ಅಂದ್ರೆ ಮೂಲದಲ್ಲಿ ಶಂಖದಹುಳ, ಚಿಪ್ಪು, ಆಮೇಲೆ ಕುಡಿಯೋದ್ರ ಜೊತೆ ನೆಂಚ್ಕೊಳೋ ತಿಂಡಿಗೆಲ್ಲ ಅದೇ ಹೆಸರು ಆಯ್ತು. "ಹೆವಿ ಪೂಪೂಸ್" ಅಂದಿದ್ರೆ ರಾತ್ರಿ ಊಟ ಬೇಕಾಗಲ್ಲ ಅಂತ ಅರ್ಥ. ಏನೂ ತರ್ಬೇಡ ಅಂತ ಮೂರ್ ಸಲ ಹೇಳಿದ್ರೂ ಏನಾದ್ರೂ ತಗೊಂಡೇ ಹೋಗ್ಬೇಕು, ನಮ್ಮನೇಲೂ ಹಂಗೇ ಅಲ್ವ. ನಾನು ಮೊದಲನೇ ಸಲ ಒಂದ್ ಸಣ್ಣ ಚಿಪ್ಸ್ ಪ್ಯಾಕೆಟ್ ಹಿಡ್ಕೊಂಡ್ ಹೋದೆ, ಅಲ್ಲಿ ನೋಡಿದ್ರೆ ಮೂರು ಮಡಚೋ ಟೇಬಲ್ ತುಂಬ ಫಾಯಿಲ್ ಟ್ರೇಗಳು. ಆ ಪ್ಯಾಕೆಟ್ಟನ್ನ ಬ್ಯಾಗಿಂದ ತೆಗೀಲೇ ಇಲ್ಲ, ವಾಪಸ್ ತಂದು ರಾತ್ರಿ ನಾನೇ ತಿಂದೆ.

ನಮಗೆ ಸುಲಭವಾದ ಐಟಂ ಒಂದಿದೆ, ಬೇಯಿಸಿದ ಕಡ್ಲೇಕಾಯಿ. ಹೌದು, ಬಸವನಗುಡಿ ಪರಿಷೇಲಿ ಸಿಗೋದೇ, ಆದ್ರೆ ಇಲ್ಲಿನವರು ಅದಕ್ಕೆ ಚಕ್ರಮೊಗ್ಗು ಹಾಕ್ತಾರೆ, ಚೀನಾದ ಕೂಲಿಗಳ ಅಡುಗೆಯಿಂದ ಬಂದಿದ್ದು ಅಂತಾರೆ. ಮಾಡೋದು ಹಿಂಗೆ. ಸಿಪ್ಪೆ ಸಮೇತ ಹಸಿ ಕಡ್ಲೇಕಾಯಿ ಒಂದ್ ಕೆಜಿ ಮಣ್ಣು ಹೋಗೋವರೆಗೆ ನಾಲ್ಕ್ ಸಲ ತೊಳೀರಿ, ಒಣಗಿದ್ದಾದ್ರೆ ರಾತ್ರಿಯೆಲ್ಲ ನೆನೆಹಾಕಿ. ಮುಳುಗೋಷ್ಟು ನೀರು, ಒಂದ್ ಹಿಡಿ ಕಲ್ಲುಪ್ಪು, ಏಳೆಂಟು ಚಕ್ರಮೊಗ್ಗು, ಮೇಲೆ ಒಂದು ತಟ್ಟೆ ಕವುಚಿ ಹಾಕಿ, ಇಲ್ಲಾಂದ್ರೆ ಕಾಯಿ ತೇಲ್ತಾನೇ ಇರುತ್ತೆ. ಸಣ್ಣ ಉರೀಲಿ ಒಂದೂವರೆ ಗಂಟೆ, ಒಂದ್ ಕಾಯಿ ಬಿಡಿಸಿ ಹಿಸುಕಿ ನೋಡಿ, ಮೆತ್ತಗಾಗಿದ್ರೆ ಒಲೆ ಆರ್ಸಿ. ಅರ್ಜೆಂಟಿದ್ರೆ ಕುಕ್ಕರಲ್ಲಿ ಕೂಗಿಸ್ಬಿಡಿ. ಆದ್ರೆ ಬೆಂದ ತಕ್ಷಣ ನೀರು ಬಸೀಬೇಡಿ, ಅದೇ ನೀರಲ್ಲಿ ಒಂದೆರಡು ಗಂಟೆ ಬಿಟ್ರೆ ಉಪ್ಪು ಆ ಘಮ ಎಲ್ಲ ಸಿಪ್ಪೆ ದಾಟಿ ಒಳಕ್ಕೆ ಇಳಿಯುತ್ತೆ, ಬಿಡಿಸ್ದಾಗ ಬೆರಳ ಮೇಲೆ ಚುರ್ ಅಂತ ನೀರು ಹಾರ್ಬೇಕು, ಅದು ಸರಿಯಾಗಿ ಆಗಿದೆ ಅಂತ. ಎರಡನೇ ಸಲ ನಾನು ಇದನ್ನ ದೊಡ್ಡ ಟ್ರೇಲಿ ಒಯ್ದಿದ್ದು. ಆ ಮನೆ ಆಂಟಿ ಒಂದ್ ಕಾಯಿ ಬಾಯಿಗೆ ಹಾಕ್ಕೊಂಡು, ಸಿಪ್ಪೆ ಕೈಯಲ್ಲಿ ಹಿಡ್ಕೊಂಡೇ ನನ್ ಮುಖ ನೋಡಿ "ಹೂ ಟೀಚ್ ಯು?" ಅಂದ್ರು, ಯಾರ್ ಕಲಿಸಿದ್ರು ನಿಂಗೆ ಅಂತ. ನಮ್ಮೂರಲ್ಲೂ ಮಾಡ್ತಾರೆ, ಮೊಗ್ಗು ಮಾತ್ರ ನಿಮ್ದು ಅಂದೆ. ಆಮೇಲಿಂದ ನಾನು ಆ ಬೀದಿಯವರಿಗೆಲ್ಲ ಪೀನಟ್ ಬಾಯ್. ವಯಸ್ಸು ನಲವತ್ತೊಂದು, ಆದ್ರೂ ಬಾಯ್.

ವೆಜಿಟೇರಿಯನ್ನರು ಉಪವಾಸ ಬೀಳಲ್ಲ, ಆದ್ರೆ ಕೇಳಿ ತಿನ್ಬೇಕು. ಉಪ್ಪು ಹಾಕಿದ ಹಸಿ ಸೋಯಾ ಕಾಯಿ, ಕೆಸುವಿನ ಗೆಡ್ಡೆ ಚಿಪ್ಸು, ಹುಳಿಸಿಹಿ ಮಾವಿನಕಾಯಿ, ತೆಂಗಿನಹಾಲಿನ ಹೌಪಿಯ ಅನ್ನೋ ಬರ್ಫಿ ಥರದ್ದು, ಇವೆಲ್ಲ ಓಕೆ. ಪೊಕೆ ಅಂದ್ರೆ ಹಸಿ ಮೀನು, ಚೌಕ ಚೌಕ ಕತ್ತರಿಸಿ ಉಪ್ಪು, ಲಿಮು ಅನ್ನೋ ಸಮುದ್ರದ ಪಾಚಿ, ಹುರಿದ ಕುಕುಯಿ ಬೀಜದ ಪುಡಿ ಹಾಕಿ ಕಲಸಿದ್ದು, ಆಮೇಲೆ ಜಪಾನಿನವರು ಬಂದು ಸೋಯಾ ಸಾಸು ಸೇರಿಸಿದ್ರು. ಪೊಕೆ ಅಂದ್ರೇನೇ ಅಡ್ಡಡ್ಡ ಕತ್ತರಿಸೋದು ಅಂತ. ಮಲೆನಾಡು ಕರಾವಳಿಯವರಿಗೆ ಒಂದು ಎಚ್ಚರಿಕೆ: ಲೌಲೌ ಅಂತ ಒಂದಿದೆ, ಕೆಸುವಿನ ಎಲೇಲಿ ಸುತ್ತಿ ಹಬೇಲಿ ಬೇಯಿಸಿದ್ದು, ನೋಡಿದ ತಕ್ಷಣ ಪತ್ರೊಡೆ ಅಂತ ಕೈ ಹಾಕ್ಬೇಡಿ, ಒಳಗಿರೋದು ಸಾಮಾನ್ಯವಾಗಿ ಹಂದಿ ಮಾಂಸ.

ಕೆಸುವಿನ ಗೆಡ್ಡೆ ಬೇಯಿಸಿ ಜಜ್ಜಿ ನೀರು ಹಾಕಿ ಮಾಡೋ ಪೊಯ್ ಬಗ್ಗೆ ಮಾತ್ರ ಸ್ವಲ್ಪ ಹೇಳ್ಲೇಬೇಕು. ನೇರಳೆ ಬೂದು ಬಣ್ಣ, ಗಂಜಿಗಿಂತ ಗಟ್ಟಿ, ಎರಡು ದಿನ ಬಿಟ್ರೆ ನಮ್ ದೋಸೆ ಹಿಟ್ಟಿನ ಥರಾನೇ ಹುಳಿ ಬರುತ್ತೆ. ಎಷ್ಟು ಬೆರಳಲ್ಲಿ ಎತ್ತಿ ತಿನ್ಬೋದು ಅನ್ನೋದ್ರ ಮೇಲೆ ಒಂದು ಬೆರಳಿನ ಪೊಯ್, ಎರಡು ಬೆರಳಿನ ಪೊಯ್, ಮೂರು ಬೆರಳಿನದು ಅಂತ ಲೆಕ್ಕ, ತೆಳ್ಳಗಿದ್ದಷ್ಟೂ ಬೆರಳು ಜಾಸ್ತಿ. ಪ್ರವಾಸಿಗಳು ಇದನ್ನ ಗೋಂದು ಅಂತ ಆಡ್ಕೋತಾರೆ, ಆಡ್ಕೋಬೇಡಿ. ಇವರ ಪುರಾಣದಲ್ಲಿ ಕೆಸುವಿನ ಗಿಡ ಮನುಷ್ಯರಿಗೆ ಅಣ್ಣ, ಹಾಲೋವ ಅಂತ ಅವನ ಹೆಸರು. ಪೊಯ್ ಬೋಗುಣಿ ಮುಚ್ಚಳ ತೆಗೆದಿರೋವಷ್ಟು ಹೊತ್ತು ಅಲ್ಲಿ ಜಗಳ ಆಡೋ ಹಂಗಿಲ್ಲ ಅನ್ನೋದು ಹಳೇ ನಿಯಮ.

ಸ್ಟೆಪ್ 5: ಚಪ್ಪಲಿ ಬಿಡಿ, ಕೂತ್ಕೊಳಿ, ಅಂಕಲ್ ಆಂಟಿ ಅನ್ನಿ

ಚಪ್ಪಲಿ ಬಾಗಿಲಾಚೆ. ಇದನ್ನ ಅಮೆರಿಕದ ಮೇನ್‌ಲ್ಯಾಂಡಿನವರಿಗೆ ಹೇಳಿಕೊಡ್ಬೇಕು, ನಮಗೆ ಬೇಡ. ಚಪ್ಪಲಿಗೆ ಇಲ್ಲಿ ಸ್ಲಿಪ್ಪಾ ಅಂತಾರೆ. ನಿಮ್ಗಿಂತ ದೊಡ್ಡೋರೆಲ್ಲ ಸಂಬಂಧ ಇರ್ಲಿ ಬಿಡ್ಲಿ ಅಂಕಲ್ ಆಂಟಿ, ಮೇನ್‌ಲ್ಯಾಂಡಲ್ಲಿ ಹಂಗಂದು ಬೈಸ್ಕೊಂಡಿದ್ರೆ ಇಲ್ಲಿ ನಿಶ್ಚಿಂತೆಯಿಂದ ಅನ್ನಿ. ಕೂರೋದು ಮನೆ ಒಳಗಲ್ಲ, ಗ್ಯಾರೇಜು ಇಲ್ಲಾ ಲಾನೈ, ಅಂದ್ರೆ ಜಗಲಿ. ಕಾರು ಆಚೆ ನಿಲ್ಸಿ ನೀಲಿ ಟಾರ್ಪಾಲು ಕಟ್ಟಿ ಮಡಚೋ ಕುರ್ಚಿ ಹಾಕಿರ್ತಾರೆ, ಐಸ್ ತುಂಬಿದ ಕೂಲರ್ ಮೇಲೂ ಒಬ್ಬರು ಕೂತಿರ್ತಾರೆ, ಯಾರಿಗಾದ್ರೂ ಕ್ಯಾನ್ ಬೇಕಂದ್ರೆ ಎದ್ದು ಎದ್ದು ಕೊಡೋದೇ ಅವ್ರ ಕೆಲಸ.

ದಾರಿ ಕೇಳಿದ್ರೆ ಎಡ ಬಲ ಹೇಳಲ್ಲ. ಮೌಕ ಅಂದ್ರೆ ಬೆಟ್ಟದ ಕಡೆ, ಮಕೈ ಅಂದ್ರೆ ಸಮುದ್ರದ ಕಡೆ. "ಅಂಗಡಿಯ ಮೌಕ ಸೈಡ್, ಮೂರನೇ ಮನೆ" ಅಂದ್ರೆ ಬೆಟ್ಟ ಹುಡುಕಿ, ಫೋನಲ್ಲಿ ಉತ್ತರ ದಕ್ಷಿಣ ಹುಡುಕ್ಬೇಡಿ.

ಸ್ಟೆಪ್ 6: ಟಾಕ್ ಸ್ಟೋರಿ

ಇದೇ ಪೌ ಹನದ ಜೀವ. ಟಾಕ್ ಸ್ಟೋರಿ ಅಂದ್ರೆ ಹರಟೆ, ಆದ್ರೆ ಸುಮ್ನೆ ಹರಟೆ ಅಲ್ಲ, ಅರಳಿಕಟ್ಟೆ ಮೇಲೆ ಕೂತು ಒಬ್ಬರು ಶುರು ಮಾಡಿದ್ದನ್ನ ಇನ್ನೊಬ್ಬರು ಎತ್ಕೊಂಡು ಮೂರನೆಯವರು ಅದಕ್ಕೊಂದು ಬಾಲ ಸೇರಿಸಿ ಕೊನೆಗೆ ಮೊದಲನೇ ವಿಷಯ ಏನಿತ್ತು ಅಂತಾನೇ ಮರೆತೋಗುತ್ತಲ್ಲ ಅದು. ಆಫೀಸ್ ವಿಷಯ ಎತ್ತಬೇಡಿ. ಮೊದಲನೇ ಪ್ರಶ್ನೆ ನೀವೇನ್ ಕೆಲಸ ಮಾಡ್ತೀರ ಅಂತ ಬರಲ್ಲ, "ವೇರ್ ಯು ಗ್ರಾಡ್?" ಅಂತ ಬರುತ್ತೆ. ಕಾಲೇಜ್ ಕೇಳ್ತಿಲ್ಲ, ಹೈಸ್ಕೂಲ್ ಯಾವ್ದು ಅಂತ ಕೇಳ್ತಿದಾರೆ. ಹೈಸ್ಕೂಲ್ ಗೊತ್ತಾದ್ರೆ ಊರು, ಬೀದಿ, ಯಾರ್ ಮಗ, ನಿಮ್ ಚಿಕ್ಕಪ್ಪನ್ನ ನಂಗ್ ಗೊತ್ತು, ಎಲ್ಲಾ ಬಂದ್ಬಿಡುತ್ತೆ. ನಮ್ ಕಡೆ "ನಿಮ್ದು ಯಾವೂರಾಯ್ತು" ಅಂದ ಹಂಗೆ. ನಾನು ಮಂಡ್ಯದ ಸ್ಕೂಲಿನ ಹೆಸರೇ ಹೇಳ್ದೆ, ನಕ್ಕೂ ನಕ್ಕೂ ಆಮೇಲೆ ಅಲ್ಲೂ ಕಬ್ಬಾ ಅಂತ ಕೇಳಿದ್ರು, ಅಲ್ಲಿಂದ ಒಂದ್ ಗಂಟೆ ಮಾತು ಕಬ್ಬಿನ ಮೇಲೇ ನಡೀತು. ಒಬ್ಬ ಅಂಕಲ್ ತಾತ ತೋಟಕ್ಕೆ ತಗೊಂಡ್ ಹೋಗ್ತಿದ್ದ ಎರಡು ಅಂತಸ್ತಿನ ಡಬ್ಬಿ ಒಳಗಿಂದ ತಂದು ತೋರ್ಸಿದ್ರು. ಕೌಕೌ ಟಿನ್ ಅಂತಾರೆ ಅದಕ್ಕೆ, ಕೆಳಗೆ ಅನ್ನ ಮೇಲೆ ಪಲ್ಯ, ಗದ್ದೇಲಿ ಮಧ್ಯಾಹ್ನ ಜಪಾನಿನವನ ಉಪ್ಪಿನಕಾಯಿ ಫಿಲಿಪೀನ್ಸಿನವನಿಗೆ, ಅವನ ಮೀನು ಪೋರ್ಚುಗೀಸಿನವನಿಗೆ. ಆ ಮುಚ್ಚಳದ ಮೇಲೆ ಮೊಳೇಲಿ ಗೀಚಿದ ಒಂದು ನಂಬರಿತ್ತು, ಹೆಸರಿರ್ಲಿಲ್ಲ. ಅಂಕಲ್ ಆ ನಂಬರ್ ಮೇಲೆ ಹೆಬ್ಬೆರಳು ಉಜ್ಜಿ, ಒಳಗೆ ತಗೊಂಡ್ ಹೋಗಿಟ್ರು.

ಇವರು ಮಾತಾಡೋ ಪಿಜಿನ್, ಅಂದ್ರೆ ನಾನಾ ಭಾಷೆ ಬೆರೆತ ಇಂಗ್ಲಿಷು, ಹುಟ್ಟಿದ್ದೂ ಅದೇ ತೋಟಗಳಲ್ಲಿ. ಹರಕು ಇಂಗ್ಲಿಷ್ ಅಂತ ಮೇಷ್ಟ್ರುಗಳು ಬೈದಿದ್ದೇ ಬೈದಿದ್ದು, ಆದ್ರೆ ಅದಕ್ಕೆ ಅದರದ್ದೇ ವ್ಯಾಕರಣ ಇದೆ, 2015ರಲ್ಲಿ ಅಮೆರಿಕದ ಜನಗಣತಿ ಇಲಾಖೇನೂ ಇಲ್ಲಿನ ಭಾಷೆಗಳ ಪಟ್ಟೀಲಿ ಸೇರಿಸ್ತು. ಕೇಳಿಸ್ಕೊಳೋಕೆ ಬೇಕಾಗೋ ಒಂದಷ್ಟು:

ಡ ಕೈನ್ ಅಂದ್ರೆ "ಅದೇ ಮಾರಾಯ ಅದು, ಅದಿದೆಯಲ್ಲ". ವಸ್ತು, ಮನುಷ್ಯ, ಕೆಲಸ, ಯಾವುದಕ್ಕಾದ್ರೂ. ಕನ್ನಡದವರಿಗೆ ಅನುವಾದಾನೇ ಬೇಡ. ಶೂಟ್ಸ್ ಅಂದ್ರೆ ಸರಿ, ಆಯ್ತು, ಹೊರಡೋಣ. ಬಂಬೈ ಅಂದ್ರೆ ಆಮೇಲೆ, ನಮ್ "ನೋಡೋಣ" ಥರ, ಆಗ್ಬೋದು ಆಗ್ದೇನೂ ಇರ್ಬೋದು. ಚೋಕ್ ಅಂದ್ರೆ ರಾಶಿ. ಬ್ರೋಕ್ ಡ ಮೌತ್ ಅಂದ್ರೆ ರುಚಿಗೆ ಬಾಯೇ ಮುರಿದೋಯ್ತು. ಹನ ಹೋ ಅಂದ್ರೆ ಇನ್ನೊಂದ್ಸಲ, ಹಾಡಿದ್ಮೇಲೆ ಕೂಗೋದು. ಹೊಲೊಹೊಲೊ ಅಂದ್ರೆ ಸುಮ್ನೆ ಸುತ್ತಾಡ್ಕೊಂಡ್ ಬರೋದು, ಆದ್ರೆ ಗಾಳ ಬಲೆ ಹಿಡ್ಕೊಂಡು ಸಮುದ್ರದ ಕಡೆ ಹೊರಟೋರೂ ಹೊಲೊಹೊಲೊ ಅಂತಾನೇ ಹೇಳೋದು, ಮೀನು ಹಿಡಿಯೋಕಾ ಅಂತ ಅವ್ರನ್ನ ಕೇಳಿದ್ರೆ ಆ ದಿನ ಮೀನು ಸಿಗಲ್ಲ ಅನ್ನೋ ನಂಬಿಕೆ. ನಮ್ಮಲ್ಲಿ ಹೊರಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು ಅಂತೀವಲ್ಲ, ಹಂಗೇ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಪಿಜಿನ್ ಅರ್ಥ ಮಾಡ್ಕೊಳಿ, ಮಾತಾಡೋಕ್ ಹೋಗ್ಬೇಡಿ. ಮೊದಲ ತಿಂಗಳಲ್ಲೇ "ಹೌಝಿಟ್ ಬ್ರಾ" ಅಂತ ಶುರು ಹಚ್ಕೊಂಡೋರನ್ನ ನೋಡಿದೀನಿ, ಎದುರಿಗಿರೋರು ನಗ್ತಾರೆ ಆದ್ರೆ ಒಳಗೆ ಮುಚ್ಕೊಂಡ್ಬಿಡ್ತಾರೆ. ಬೆಂಗಳೂರಿಗೆ ಬಂದೋರು ಯಾರಾದ್ರೂ ನಮ್ಮನ್ನ ಅಣಕಿಸೋ ಥರ "ಏನ್ ಗುರೂ ಸಮಾಚಾರ" ಅಂದ್ರೆ ನಮಗೆ ಹೇಗಾಗುತ್ತೆ, ಹಂಗೆ. ಮಹಲೊ ಅನ್ನಿ, ಧನ್ಯವಾದ ಅಂತ, ಅಷ್ಟು ಸಾಕು. ಪೌ, ಪೂಪೂ, ಮೌಕ ಇಂಥವು ಎಲ್ಲರೂ ಬಳಸ್ತಾರೆ, ಅಡ್ಡಿಯಿಲ್ಲ.

ಸ್ಟೆಪ್ 7: ಕುಡಿಯೋದು, ಕುಡೀದೆ ಇರೋದು

ಕುಡೀಲೇಬೇಕು ಅಂತ ಯಾರೂ ಒತ್ತಾಯ ಮಾಡಲ್ಲ. ಕುಡಿಯೋರಿಗೆ 21 ತುಂಬಿರ್ಬೇಕು, ಬಾರ್‌ಗಾದ್ರೆ ಪಾಸ್‌ಪೋರ್ಟ್ ಇಟ್ಕೊಳಿ, ಟಿಪ್ಸು 18ರಿಂದ 20 ಪರ್ಸೆಂಟ್. ಬೀಚ್ ಪಾರ್ಕಲ್ಲಿ ಸೂರ್ಯಾಸ್ತ ನೋಡ್ತಾ ಬಿಯರ್ ತೆಗೀಬೇಡಿ, ಹೊನೊಲುಲು ಪಾರ್ಕುಗಳಲ್ಲಿ ಮದ್ಯ ನಿಷೇಧ, ಪಕ್ಕದಲ್ಲಿ ಯಾರೋ ಕೆಂಪು ಕಪ್ಪಲ್ಲಿ ಕುಡೀತಿದಾರೆ ಅಂತ ನೀವೂ ಶುರು ಮಾಡಿದ್ರೆ ವೀಸಾದಲ್ಲಿರೋರು ನೀವು, ಅವರಲ್ಲ.

ಚಿಯರ್ಸ್ ಅನ್ನೋಕೆ ಪ್ರವಾಸಿಗಳಿಗೆ "ಓಕೊಲೆ ಮಲುನ" ಅಂತ ಹೇಳಿಕೊಟ್ಟಿರ್ತಾರೆ. ಓಕೊಲೆ ಅಂದ್ರೆ ಅಂಡು. ಬಾಟಮ್ಸ್ ಅಪ್ ಅನ್ನೋದನ್ನ ಪದಕ್ಕೆ ಪದ ಇಳಿಸಿದ್ದು. ಎಪ್ಪತ್ತೆರಡು ವರ್ಷದ ಅಜ್ಜಿ ಎದುರು ಗ್ಲಾಸ್ ಎತ್ತಿ ನಾನು ಅದನ್ನ ಜೋರಾಗಿ ಹೇಳಿದೀನಿ, ನೀವು ಹೇಳ್ಬೇಡಿ. ಅಜ್ಜಿ ನಕ್ಕರು, ಮಗ ಮುಖ ಆಚೆ ತಿರುಗಿಸ್ಕೊಂಡ. ಮರ್ಯಾದೆಯಾಗಿ ಹೇಳೋಕೆ "ಹುಲಿ ಪೌ" ಇದೆ, ತಿರುಗಿಸಿ ಮುಗಿಸು ಅಂತ, ಇಲ್ಲಾ "ಕಾಮೌ". ನಮ್ ಹುಲಿಗೂ ಇದಕ್ಕೂ ಸಂಬಂಧ ಇಲ್ಲ.

ಇಲ್ಲಿ ಬಿಯರಿಗಿಂತ ಹಳೇದು "ಅವ" ಅನ್ನೋ ಪಾನೀಯ, ಬೇರೆ ಕಡೆ ಕಾವಾ ಅಂತಾರಲ್ಲ ಅದು. ಬೇರನ್ನ ಜಜ್ಜಿ ನೀರಲ್ಲಿ ಹಿಂಡಿ ಸೋಸಿ ತೆಂಗಿನ ಚಿಪ್ಪಲ್ಲಿ ಕೊಡ್ತಾರೆ. ಪೂಜೆಗೂ ಅರಸರಿಗೂ ಬೇಕಾಗಿದ್ದು, ಜೊತೆಗೆ ಗದ್ದೇಲಿ ದುಡಿದು ಬಂದೋರು, ಬಲೆ ಎಳೆದು ಬಂದೋರು ಮೈಕೈ ನೋವಿಗೆ ಸಂಜೆ ಕುಡೀತಿದ್ದಿದ್ದು, ಅಂದ್ರೆ ಕಬ್ಬು ಬರೋಕ್ ಮುಂಚಿನ ಪೌ ಹನ. ಈ ಗಿಡ ನಮ್ ಕರಿಮೆಣಸು, ವೀಳ್ಯದೆಲೆ ಎರಡಕ್ಕೂ ದಾಯಾದಿ, ಒಂದೇ ಕುಲ. ಎಲೆ ನೋಡಿದ್ರೇ ಗೊತ್ತಾಗುತ್ತೆ, ಹೃದಯದ ಆಕಾರ, ಗೆಣ್ಣು ಗೆಣ್ಣು ಕಾಂಡ. ರುಚಿ ಮಾತ್ರ ಮಣ್ಣಿನ ನೀರಿಗೆ ಮೆಣಸಿನ ಬೇರು ತಿಕ್ಕಿದ ಹಂಗೆ. ಎರಡು ಗುಟುಕಿಗೆ ನಾಲಿಗೆ ಜೋಮು ಹಿಡಿಯುತ್ತೆ, ಆಮೇಲೆ ಹೆಗಲು ಇಳಿಯುತ್ತೆ, ತಲೆ ತಿರುಗಲ್ಲ. ಒಂದೇ ಗುಕ್ಕಿಗೆ ಕುಡಿದು ಹಿಂದೆ ಒಂದ್ ತುಂಡು ಅನಾನಸ್ ತಿನ್ನಿ. ಮದ್ಯದ ಜೊತೆ ಬೆರೆಸ್ಬೇಡಿ, ಕುಡಿದು ಗಾಡಿ ಓಡಿಸ್ಬೇಡಿ, ಲಿವರ್ ತೊಂದರೆ ಇರೋರು ಮುಟ್ಲೇಬೇಡಿ, 2002ರಲ್ಲಿ ಅಮೆರಿಕದ ಆಹಾರ ಔಷಧ ಇಲಾಖೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಸ್ಟೆಪ್ 8: ಯಾರೋ ಉಕುಲೆಲೆ ತೆಗೆದ್ರೆ ಎದ್ದೋಗ್ಬೇಡಿ

ಕತ್ತಲಾಗ್ತಿದ್ದಂಗೆ ಶುರುವಾಗೋದಕ್ಕೆ ಕನಿಕಪಿಲ ಅಂತಾರೆ, ತಂತಿ ವಾದ್ಯ ನುಡಿಸೋಣ ಅಂತ. ಉಕುಲೆಲೆ 1879ರಲ್ಲಿ ಮದೀರ ದ್ವೀಪದಿಂದ ಹಡಗಲ್ಲಿ ಬಂದ ಪೋರ್ಚುಗೀಸರ ಸಣ್ಣ ಗಿಟಾರಿಂದ ಆಗಿದ್ದು, ಅವರೂ ಬಂದಿದ್ದು ಕಬ್ಬಿನ ಕೆಲಸಕ್ಕೇ. ಹವಾಯಿಯ ಸ್ಟೀಲ್ ಗಿಟಾರ್ ಅಂತೂ ನಮ್ ದೇಶದವರೆಗೂ ಬಂತು, 1940ರ ದಶಕದಲ್ಲಿ ಟೌ ಮೊಎ ಅನ್ನೋ ಕಲಾವಿದರ ಕುಟುಂಬ ಕಲ್ಕತ್ತಾದಲ್ಲೇ ಇದ್ದು ನುಡಿಸ್ತಿದ್ರು, ಹಳೇ ಆರ್ಕೆಸ್ಟ್ರಾಗಳಲ್ಲಿ ತೊಡೆ ಮೇಲೆ ಮಲಗಿಸ್ಕೊಂಡು ನುಡಿಸೋ "ಹವಾಯಿಯನ್ ಗಿಟಾರ್" ಅದೇ. ನಿಮ್ಗೆ ಹಾಡೋಕ್ ಹೇಳಿದ್ರೆ ಕನ್ನಡದಲ್ಲೇ ಹಾಡಿ. ನಾನು ಒಂದು ಸೋಬಾನೆ ಪದ ಹೇಳ್ದೆ, ಎರಡನೇ ಸಾಲಿಗೆ ಯಾರೋ ಉಕುಲೆಲೇಲಿ ಕಾರ್ಡ್ ಹಿಡಿದುಬಿಟ್ರು.

ಸ್ಟೆಪ್ 9: ಹೊರಡೋದು

ಹೇಳ್ದೆ ಜಾರ್ಕೋಬೇಡಿ. ಎಲ್ಲರ ಹತ್ರ ಹೋಗಿ ಹೇಳ್ಬೇಕು, ಅಪ್ಪಿಕೊಳ್ಬೇಕು, ಗೇಟ್ ಹತ್ರ ಇನ್ನೊಂದ್ ಇಪ್ಪತ್ತು ನಿಮಿಷ ಮಾತು, ಆಮೇಲೆ ಕಾರಿನ ಕಿಟಕೀಲಿ ಇನ್ನೈದು. ದೂರದಿಂದ ಹೆಬ್ಬೆರಳು ಕಿರುಬೆರಳು ಮಾತ್ರ ಬಿಚ್ಚಿ ಕೈ ಅಲ್ಲಾಡಿಸ್ತಾರಲ್ಲ, ಅದು ಶಕ. ಅದಕ್ಕೂ ಕಬ್ಬಿನ ಮಿಲ್ಲಿನದೇ ಒಂದು ಕಥೆ ಇದೆ, ಲಾಯೆ ಊರಿನ ಹಮನ ಕಲಿಲಿ ಅನ್ನೋರು ಮಿಲ್ಲಿನ ಯಂತ್ರಕ್ಕೆ ಸಿಕ್ಕಿ ನಡುವಿನ ಮೂರು ಬೆರಳು ಕಳ್ಕೊಂಡ್ರು, ಅವರು ಬೀಸ್ತಿದ್ದ ಕೈಯೇ ಎಲ್ಲರಿಗೂ ಅಂಟ್ಕೊಳ್ತು ಅಂತ ಜನ ಹೇಳ್ತಾರೆ. 2024ರಲ್ಲಿ ಅದನ್ನ ರಾಜ್ಯದ ಅಧಿಕೃತ ಸನ್ನೆ ಅಂತಾನೇ ಮಾಡಿದ್ರು. ಬೀಸೋವಾಗ ಕೈಯ ಹಿಂಭಾಗ ಎದುರಿನವರಿಗೆ ಕಾಣ್ಲಿ, ಸುಮ್ನೆ ಸಡಿಲವಾಗಿ.

ಮನೆಗೆ ಕಟ್ಟಿ ಕೊಡ್ತಾರೆ, ಬೇಡ ಅನ್ಬೇಡಿ. ಅದ್ರಲ್ಲಿ ಹಂದಿ ಮಾಂಸ ಇದ್ದು ನಿಮ್ ಮನೆ ಬೆಟ್ಟ ದಾಟೋ ಪಲಿ ಹೈವೇ ಆಚೆ ಕೈಲುವಾ ಊರ ಕಡೆ ಇದ್ರೆ, ರಾತ್ರಿ ಹೊತ್ತು ಆ ಘಾಟಿ ಮೇಲೆ ಹಂದಿ ಮಾಂಸ ಒಯ್ಯಬಾರ್ದು ಅಂತ ಯಾರಾದ್ರೂ ತಡೀತಾರೆ. ಜ್ವಾಲಾಮುಖಿ ದೇವತೆ ಪೆಲೆಗೂ ವರಾಹರೂಪಿ ಕಮಪುವಗೂ ಆಗಲ್ಲ, ಅವನದ್ದನ್ನ ಆ ಘಾಟಿ ದಾಟಿಸಿದ್ರೆ ಗಾಡಿ ನಿಂತೋಗುತ್ತೆ ಅಂತ. ನಕ್ಕುಬಿಡಿ ಬೇಕಾದ್ರೆ, ಆದ್ರೆ ಇಂಜಿನಿಯರುಗಳೇ ಡಬ್ಬಿ ಕೆಳಗಿಟ್ಟು ಹೋಗಿದ್ದನ್ನ ನಾನು ಕಣ್ಣಾರೆ ನೋಡಿದೀನಿ.

ಫಾಯಿಲ್ ಟ್ರೇ ಆದ್ರೆ ಬಿಸಾಕಿ. ಪಾತ್ರೇಲಿ ಕೊಟ್ಟಿದ್ರೆ ಮಾತ್ರ ತೊಳೆದು ಒಂದು ವಾರದೊಳಗೆ ವಾಪಸ್ ಕೊಡ್ಬೇಕು, ಖಾಲಿ ಕೊಡ್ಬಾರ್ದು, ಅದನ್ನ ನಿಮ್ಮಜ್ಜಿ ಆಗ್ಲೇ ಹೇಳಿಕೊಟ್ಟಿರ್ತಾರೆ. ನಾನು ಕೋಡುಬಳೆ ಹಾಕಿ ಕೊಟ್ಟೆ. ಮುಂದಿನ ವಾರ ಅದೇ ಪಾತ್ರೆ ತುಂಬ ಮಾವಿನಹಣ್ಣು ಬಂದಿದೆ, ಈಗ ನನ್ ಸರದಿ, ಶುಕ್ರವಾರದೊಳಗೆ ಏನಾದ್ರೂ ಮಾಡ್ಬೇಕು.